ವೋಟಿಲ್ಲದ ದ್ವೀಪಗಳ ಲೆಕ್ಕ ಕೇಳುವವರು ಯಾರು?

2016ರ ಏಪ್ರಿಲ್. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಬ್ರಿಟನ್ನಿನ ಕೈಯಲ್ಲಿರುವ ಸೇಂಟ್ ಹೆಲೆನಾ ದ್ವೀಪಕ್ಕೆ ಒಂದು ಬೋಯಿಂಗ್ 737 ವಿಮಾನ ಪರೀಕ್ಷೆಗೆಂದು ಬಂತು. ವಿಮಾನ ನಿಲ್ದಾಣ ಹೊಸದು, ರನ್‌ವೇ ಹೊಸದು. ಇಳಿಯಲು ಹೋದ ವಿಮಾನ ಗಾಳಿಗೆ ಓಲಾಡಿ, ನೆಲ ಮುಟ್ಟದೆ ಮತ್ತೆ ಮೇಲಕ್ಕೆದ್ದು, ಸುತ್ತು ಹಾಕಿ ಬಂದು ಕೊನೆಗೂ ಇಳಿಯಿತು. ಇಳಿದದ್ದೇನೋ ಸರಿ, ಆದರೆ ಮುಂದಿನ ತಿಂಗಳು ಆಗಬೇಕಿದ್ದ ಉದ್ಘಾಟನೆ ಮುಂದಕ್ಕೆ ಹೋಯಿತು. ಬ್ರಿಟಿಷ್ ಸರ್ಕಾರ ಈ ಯೋಜನೆಗೆ ಎತ್ತಿಟ್ಟಿದ್ದ ದುಡ್ಡು 28.55 ಕೋಟಿ ಪೌಂಡ್. ದ್ವೀಪದ ಜನಸಂಖ್ಯೆ ಸುಮಾರು 4,500. ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲೇ ಇದಕ್ಕಿಂತ ಜಾಸ್ತಿ ಜನ ಸಿಗುತ್ತಾರೆ. ತಲೆಗೆ ಅರವತ್ತು ಸಾವಿರ ಪೌಂಡ್‌ಗಿಂತ ಹೆಚ್ಚು ಸುರಿದು ಕಟ್ಟಿದ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ಇಳಿಸುವಂತಿಲ್ಲ!

ಕಾರಣ ಗಾಳಿ. ರನ್‌ವೇ ಇರುವುದು ಸಮುದ್ರದಿಂದ ಸುಮಾರು 300 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಗಳ ಪಕ್ಕದಲ್ಲಿ. ಸಮುದ್ರದ ಗಾಳಿ ಬಂಡೆಗೆ ಬಡಿದು ಸುರುಳಿ ಸುತ್ತುತ್ತದೆ, ವೇಗ ಮತ್ತು ದಿಕ್ಕು ಕ್ಷಣದಲ್ಲಿ ಬದಲಾಗುತ್ತದೆ. ಪೈಲಟ್‌ಗಳು ಇದಕ್ಕೆ ವಿಂಡ್ ಶಿಯರ್ ಅನ್ನುತ್ತಾರೆ. ಇದೇನು ಯಾರಿಗೂ ಗೊತ್ತಿಲ್ಲದ ರಹಸ್ಯವಲ್ಲ. 1836ರಲ್ಲಿ ಬೀಗಲ್ ಹಡಗಿನಲ್ಲಿ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಕೂಡ ಈ ದ್ವೀಪದ ಗಾಳಿಯ ರಭಸದ ಬಗ್ಗೆ ಬರೆದಿದ್ದಾನೆ. ವಿಮಾನವೇ ಇಲ್ಲದ ಕಾಲದಲ್ಲಿ ಗಮನಕ್ಕೆ ಬಂದ ಗಾಳಿ, ವಿಮಾನ ನಿಲ್ದಾಣ ಕಟ್ಟುವಾಗ ಗಮನಕ್ಕೆ ಬರಲಿಲ್ಲ. ಬಂದಿದ್ದರೂ ಯಾರೂ ಅದನ್ನು ಅಷ್ಟು ದೊಡ್ಡದು ಅಂದುಕೊಳ್ಳಲಿಲ್ಲ.

ಇಂಥದ್ದು ನಮ್ಮಲ್ಲಿ ಆದರೆ ಏನಾಗುತ್ತದೆ? ಸಿಎಜಿ ವರದಿ ಬರುತ್ತದೆ, ಟಿವಿಯಲ್ಲಿ ಎರಡು ದಿನ ಗಲಾಟೆ, ಸ್ಥಳೀಯ ಶಾಸಕ ಮತ್ತು ಸಂಸದನನ್ನು ಜನ ಮುತ್ತಿಗೆ ಹಾಕುತ್ತಾರೆ, ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಸೇಂಟ್ ಹೆಲೆನಾದಲ್ಲಿ ಈ ಕೊನೆಯ ಭಾಗ ಸಾಧ್ಯವೇ ಇಲ್ಲ. ನಿಲ್ದಾಣ ಕಟ್ಟಿಸಿದ್ದು ಲಂಡನ್ನಿನ ವಿದೇಶಿ ನೆರವಿನ ಇಲಾಖೆ, ದುಡ್ಡು ಕೊಟ್ಟದ್ದು ಲಂಡನ್ನಿನ ಖಜಾನೆ. ಆದರೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಆ ದ್ವೀಪದ ಒಬ್ಬ ಸಂಸದನೂ ಇಲ್ಲ.

ಬ್ರಿಟನ್ನಿನ ಕೈಯಲ್ಲಿ ಇಂಥ 14 ಸಾಗರೋತ್ತರ ಪ್ರದೇಶಗಳಿವೆ. ಬರ್ಮುಡಾ, ಕೇಮನ್, ಜಿಬ್ರಾಲ್ಟರ್, ಫಾಕ್‌ಲ್ಯಾಂಡ್‌ನಂಥ ಉಳ್ಳವರೂ ಇದ್ದಾರೆ. ಐವತ್ತು ಜನ ಕೂಡ ಸರಿಯಾಗಿ ಇಲ್ಲದ ಪಿಟ್‌ಕೈರ್ನ್ ಕೂಡ ಇದೆ. ಜನವಸತಿ ಇರುವ ಹೆಚ್ಚಿನ ಕಡೆ ಚುನಾಯಿತ ಸ್ಥಳೀಯ ಸಭೆ ಇದೆ, ಅದರ ಮೇಲೆ ಲಂಡನ್ ಕಳಿಸಿದ ಗವರ್ನರ್ ಇದ್ದಾರೆ. ರಕ್ಷಣೆ, ವಿದೇಶಾಂಗ ಇವೆಲ್ಲ ಲಂಡನ್ನಿನದು. ಬೇಕೆಂದರೆ ಸ್ಥಳೀಯ ಸಂವಿಧಾನವನ್ನೇ ಅಮಾನತಿನಲ್ಲಿ ಇಡುವ ಅಧಿಕಾರವೂ ಅವರಿಗಿದೆ. 2002ರ ಕಾಯ್ದೆಯ ನಂತರ ಇಲ್ಲಿನ ಜನರಿಗೆಲ್ಲ, ಸೈಪ್ರಸ್‌ನ ಸೇನಾ ನೆಲೆಗಳನ್ನು ಬಿಟ್ಟರೆ, ಪೂರ್ತಿ ಬ್ರಿಟಿಷ್ ಪೌರತ್ವ ಸಿಕ್ಕಿದೆ. ಪೌರತ್ವ ಇದೆ, ಪಾಸ್‌ಪೋರ್ಟ್ ಇದೆ, ಆದರೆ ಊರಲ್ಲೇ ಇದ್ದುಕೊಂಡು ಪಾರ್ಲಿಮೆಂಟಿಗೆ ವೋಟು ಹಾಕುವಂತಿಲ್ಲ.

ಒಂದು ಪಕ್ಕದ ಮಾತು. ಸೇಂಟ್ ಹೆಲೆನಾ ನಮಗೆ ಅಷ್ಟೇನೂ ದೂರದ್ದಲ್ಲ. 1659ರಿಂದ 1834ರವರೆಗೆ ಅದನ್ನು ಆಳಿದ್ದು ಅದೇ ಈಸ್ಟ್ ಇಂಡಿಯಾ ಕಂಪನಿ. ಇಂಡಿಯಾದಿಂದ ಇಂಗ್ಲೆಂಡಿಗೆ ಹಿಂದಿರುಗುವ ಹಡಗುಗಳು ನೀರು, ತರಕಾರಿ ತುಂಬಿಕೊಳ್ಳುತ್ತಿದ್ದ ತಂಗುದಾಣ ಅದು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಊರಿಗೆ ವಾಪಸಾಗುವಾಗ ಇಲ್ಲೇ ತಂಗಿದ್ದ. ಹತ್ತು ವರ್ಷದ ನಂತರ ಅವನು ವಾಟರ್ಲೂನಲ್ಲಿ ಸೋಲಿಸಿದ ನೆಪೋಲಿಯನ್‌ನನ್ನು ಸೆರೆಯಾಗಿ ಇಟ್ಟದ್ದೂ ಇದೇ ದ್ವೀಪದಲ್ಲಿ.

ಸರಿ, ಲೆಕ್ಕಕ್ಕೆ ಬರೋಣ. ಸಂಸದರಿಲ್ಲ ಅಂದಮೇಲೆ ಲಂಡನ್ನಿನ ಇಲಾಖೆಯನ್ನು ಪ್ರಶ್ನೆ ಮಾಡುವವರು ಯಾರು? ಪಾರ್ಲಿಮೆಂಟಿನ ಸಮಿತಿಗಳು. ಮುಖ್ಯವಾಗಿ ಎರಡು. ಒಂದು ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಇನ್ನೊಂದು ವಿದೇಶಾಂಗ ಸಮಿತಿ. ಲೆಕ್ಕಪತ್ರ ಸಮಿತಿ 1861ರಷ್ಟು ಹಳೆಯದು. ನಮ್ಮ ಪಿಎಸಿ ಅದರದ್ದೇ ಮರಿ. ಅಲ್ಲೂ ಅಧ್ಯಕ್ಷರು ವಿರೋಧ ಪಕ್ಷದವರು, ಅಲ್ಲೂ ಮೊದಲು ಆಡಿಟ್ ಕಚೇರಿಯ ವರದಿ ಬರುತ್ತದೆ, ಆಮೇಲೆ ಇಲಾಖೆಯ ಹಿರಿಯ ಕಾರ್ಯದರ್ಶಿಯನ್ನು ಕರೆಸಿ ಕೂರಿಸುತ್ತಾರೆ. ಒಂದು ದೊಡ್ಡ ವ್ಯತ್ಯಾಸವಿದೆ: ಅಲ್ಲಿ ಈ ವಿಚಾರಣೆ ಬಹುಪಾಲು ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಬಾಗಿಲು ಮುಚ್ಚಿ ನಡೆಸುತ್ತಾರೆ. ಅಧಿಕಾರಿಯೊಬ್ಬ ಕ್ಯಾಮೆರಾ ಎದುರು ಬೆವರುವುದನ್ನು ನೋಡುವುದಕ್ಕೂ, ಆರು ತಿಂಗಳ ನಂತರ ವರದಿಯ ನಾಲ್ಕನೇ ಪ್ಯಾರಾದಲ್ಲಿ ಅದನ್ನು ಓದುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಸೇಂಟ್ ಹೆಲೆನಾ ವಿಷಯದಲ್ಲಿ 2016ರ ಜೂನ್‌ನಲ್ಲಿ ಆಡಿಟ್ ವರದಿ ಬಂತು. ಡಿಸೆಂಬರ್‌ನಲ್ಲಿ ಮೆಗ್ ಹಿಲಿಯರ್ ಅಧ್ಯಕ್ಷತೆಯ ಲೆಕ್ಕಪತ್ರ ಸಮಿತಿ ತನ್ನ ವರದಿ ಕೊಟ್ಟಿತು. ಮಾತಿನಲ್ಲಿ ಮುಲಾಜು ಇರಲಿಲ್ಲ. ದ್ವೀಪದ ಜನರ ವಿಷಯದಲ್ಲೂ ಬ್ರಿಟನ್ನಿನ ತೆರಿಗೆದಾರರ ವಿಷಯದಲ್ಲೂ ಇಲಾಖೆ ಸೋತಿದೆ, ಗಾಳಿಯ ಪರಿಣಾಮ ಏನೆಂದು ತಿಳಿದುಕೊಳ್ಳದೆ ನಿಲ್ದಾಣ ಕಟ್ಟಿ ಮುಗಿಸಿದ್ದು ದಿಗಿಲು ಹುಟ್ಟಿಸುವಂಥದ್ದು ಎಂದಿತು. ಇದಕ್ಕೆ ಹೊಣೆ ಯಾರು ಎಂದು ಕೇಳಿದರೆ ಇಲಾಖೆಯ ಬಳಿ ನೇರವಾದ ಉತ್ತರ ಇರಲಿಲ್ಲ. ಸಲಹೆಗಾರರಿದ್ದರು, ಗುತ್ತಿಗೆದಾರರಿದ್ದರು, ವಿಮಾನಯಾನ ನಿಯಂತ್ರಕರಿದ್ದರು, ದ್ವೀಪದ ಸರ್ಕಾರ ಇತ್ತು. ಎಲ್ಲರೂ ಇದ್ದರು, ಅಂದರೆ ಯಾರೂ ಇರಲಿಲ್ಲ.

ಸಮಿತಿ ಇನ್ನೂ ಒಂದು ನರ ಹಿಡಿಯಿತು. ಅದು ಗಾಳಿಯಷ್ಟು ಸುದ್ದಿಯಾಗಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ನಿಲ್ದಾಣ ಕಟ್ಟಿದ್ದರ ಹಿಂದಿನ ವಾದವೇ ಪ್ರವಾಸೋದ್ಯಮ. ದ್ವೀಪ ಪ್ರತಿವರ್ಷ ಲಂಡನ್ನಿನ ಸಹಾಯಧನದ ಮೇಲೆ ನಿಂತಿದೆ, ವಿಮಾನ ಬಂದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಸಹಾಯಧನ ನಿಲ್ಲಿಸಬಹುದು. ವರ್ಷಕ್ಕೆ ಸಾವಿರದ ಆಸುಪಾಸು ಇದ್ದ ಪ್ರವಾಸಿಗರು 2042ರ ಹೊತ್ತಿಗೆ 29 ಸಾವಿರ ದಾಟುತ್ತಾರೆ ಎಂದು ಅಂದಾಜು ಹಾಕಿದ್ದರು. ಈ ಅಂದಾಜನ್ನು ನಂಬಿದ್ದು ಲಂಡನ್ ಮಾತ್ರ ಅಲ್ಲ. ದ್ವೀಪದ ಜನ ಕೂಡ ನಂಬಿ, ಅಂಗಡಿ, ವಸತಿಗೃಹ ಅಂತ ತಮ್ಮ ಉಳಿತಾಯ ಹಾಕಿದರು. ಅಂದಾಜು ತಪ್ಪಾದರೆ ಇಲಾಖೆಗೆ ಒಂದು ಕೆಟ್ಟ ವರದಿ ಬರುತ್ತದೆ, ಅಷ್ಟೇ. ಕಾರ್ಯದರ್ಶಿ ಬೇರೆ ಹುದ್ದೆಗೆ ಹೋಗುತ್ತಾರೆ. ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿಸಿದವನು ಎಲ್ಲಿಗೆ ಹೋಗಬೇಕು? ಆಫ್ರಿಕಾದ ಕರಾವಳಿಯೇ ಸುಮಾರು 1,900 ಕಿಲೋಮೀಟರ್ ದೂರ.

ಮುಂದೆ ಏನಾಯಿತು ಅಂದರೆ, ದೊಡ್ಡ ಬೋಯಿಂಗ್ ಬಿಟ್ಟು ಚಿಕ್ಕ ಎಂಬ್ರೇಯರ್ ವಿಮಾನ ಹುಡುಕಿದರು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ವಾಡಿಕೆಯ ವಿಮಾನ ಸೇವೆ ಶುರುವಾಯಿತು. ಸುಮಾರು ನೂರು ಸೀಟಿನ ವಿಮಾನದಲ್ಲಿ ತೂಕದ ಮಿತಿಯಿಂದಾಗಿ 76 ಜನರನ್ನಷ್ಟೇ ಹತ್ತಿಸಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು ದ್ವೀಪಕ್ಕೆ ಬರಲು ಇದ್ದ ದಾರಿ ಕೇಪ್‌ಟೌನಿನಿಂದ ಐದು ರಾತ್ರಿಯ ಹಡಗು ಪ್ರಯಾಣ. ಆ ಹಡಗು 2018ರ ಫೆಬ್ರವರಿಯಲ್ಲಿ ಕೊನೆಯ ಸಲ ಹೊರಟಿತು. ನಿಜ ಹೇಳಬೇಕೆಂದರೆ ನಿಲ್ದಾಣ ಪೂರ್ತಿ ದಂಡ ಅಲ್ಲ. ತುರ್ತು ರೋಗಿಗಳನ್ನು ಗಂಟೆಗಳಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸಾಗಿಸಲು ಈಗ ಆಗುತ್ತದೆ, ಮೊದಲು ಹಡಗಿಗೆ ಕಾಯಬೇಕಿತ್ತು. ಜೀವ ಉಳಿದವರ ಮನೆಯವರನ್ನು ಕೇಳಿದರೆ ಲೆಕ್ಕ ಬೇರೆಯೇ ಬರುತ್ತದೆ. ಆದರೆ ಲೆಕ್ಕಪತ್ರ ಸಮಿತಿಯ ಪ್ರಶ್ನೆ ಅದಲ್ಲ. ಕೊಟ್ಟ ದುಡ್ಡಿಗೆ ತಕ್ಕ ಪ್ರಯೋಜನ ಬಂತೇ ಅನ್ನುವುದು ಅದರ ಪ್ರಶ್ನೆ. ಇದು ದುಡ್ಡು ಕೊಟ್ಟವನ ಪ್ರಶ್ನೆ, ದ್ವೀಪದಲ್ಲಿ ಬದುಕುವವನ ಪ್ರಶ್ನೆ ಅಲ್ಲ. ಎರಡೂ ಕೆಲವು ಸಲ ಒಂದೇ ಆಗುತ್ತವೆ, ಯಾವಾಗಲೂ ಅಲ್ಲ.

ಜೊತೆಗೆ ಸಮಯದ ತೊಂದರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆಯನ್ನು ಈ ಸಮಿತಿಗಳಿಗೆಂದೇ ಹೇಳಿದಂತಿದೆ. ಗುತ್ತಿಗೆ ಆದದ್ದು 2011ರಲ್ಲಿ, ಕಣಿವೆಯೊಂದನ್ನು ಲಕ್ಷಗಟ್ಟಲೆ ಘನ ಮೀಟರ್ ಕಲ್ಲುಮಣ್ಣಿನಿಂದ ತುಂಬಿ ಸಮತಟ್ಟು ಮಾಡಿ, ರನ್‌ವೇ ಎಳೆದು ಎಲ್ಲ ಮುಗಿದ ಮೇಲೆ, 2016ರಲ್ಲಿ ಖಡಕ್ ಪ್ರಶ್ನೆಗಳು. ನಡುವಿನ ಐದು ವರ್ಷ ಸ್ಥಳೀಯ ಸಂಸದ ಅಂತ ಒಬ್ಬನಿದ್ದಿದ್ದರೆ, ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು ಗಾಳಿಯ ಕಥೆ ಏನು ಸ್ವಾಮಿ ಅಂತ ಒಮ್ಮೆಯಾದರೂ ಕೇಳುತ್ತಿದ್ದ.

ಸಮಿತಿಗಳು ಯಾವಾಗಲೂ ತಡ ಅಂತಲೂ ಹೇಳುವಂತಿಲ್ಲ. ವಿದೇಶಾಂಗ ಸಮಿತಿ 2007-08ರಲ್ಲಿ ಸಾಗರೋತ್ತರ ಪ್ರದೇಶಗಳ ಬಗ್ಗೆ ವಿಚಾರಣೆ ಶುರುಮಾಡಿ, ಯಾರಿಗೆ ಏನು ಹೇಳಬೇಕೋ ಬರೆದು ಕಳಿಸಿ ಎಂದಿತು. ಕೆರಿಬಿಯನ್ ಕಡೆಯ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳಿಂದ ಪತ್ರಗಳು ರಾಶಿ ಬಿದ್ದವು. ಬರೆದವರಲ್ಲಿ ಹಲವರು ದಯವಿಟ್ಟು ನಮ್ಮ ಹೆಸರು ಹೊರಗೆ ಬಿಡಬೇಡಿ ಎಂದು ಕೇಳಿಕೊಂಡಿದ್ದರು. ಸರ್ಕಾರಿ ಜಮೀನು ಬೇಕಾದವರಿಗೆ ಹಂಚುವುದು, ಮಂತ್ರಿಗಳ ಕೈ ಬೆಚ್ಚಗಾಗುವುದು, ಬಾಯಿ ಬಿಟ್ಟವರಿಗೆ ಬೆದರಿಕೆ. ಕಥೆ ನಮಗೇನೂ ಹೊಸದಲ್ಲ. ಅಲ್ಲಿ ಭಯದ ವಾತಾವರಣ ಇದೆ ಎಂದು ಸಮಿತಿ 2008ರ ಜುಲೈನಲ್ಲಿ ನೇರವಾಗಿ ಬರೆದು, ತನಿಖಾ ಆಯೋಗ ಬೇಕು ಎಂದಿತು. ಸರ್ ರಾಬಿನ್ ಆಲ್ಡ್ ಅವರ ಆಯೋಗ ಬಂತು. 2009ರ ಮಾರ್ಚ್‌ನಲ್ಲಿ ಪ್ರೀಮಿಯರ್, ಅಂದರೆ ಅಲ್ಲಿನ ಚುನಾಯಿತ ಸರ್ಕಾರದ ಮುಖ್ಯಸ್ಥ, ಮೈಕೆಲ್ ಮಿಸಿಕ್ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ಲಂಡನ್ ಅಲ್ಲಿನ ಮಂತ್ರಿಮಂಡಲವನ್ನೂ ಸಭೆಯನ್ನೂ ಅಮಾನತು ಮಾಡಿ ಆಡಳಿತವನ್ನು ಗವರ್ನರ್ ಕೈಗೆ ಕೊಟ್ಟಿತು.

ಪತ್ರ ಬರೆದವರು ಗೆದ್ದರು. ಆದರೆ ಗೆಲುವಿನ ಬೆಲೆ ನೋಡಿ. ಜ್ಯೂರಿ ವಿಚಾರಣೆಯ ಹಕ್ಕನ್ನೂ ಸೇರಿಸಿ ಸಂವಿಧಾನದ ಭಾಗಗಳನ್ನೇ ಎತ್ತಿಟ್ಟರು, ಮುಂದಿನ ಚುನಾವಣೆ ನಡೆದದ್ದು 2012ರ ನವೆಂಬರ್‌ನಲ್ಲಿ. ಮೂರು ವರ್ಷಕ್ಕೂ ಜಾಸ್ತಿ ಕಾಲ ಚುನಾಯಿತ ಸರ್ಕಾರವೇ ಇಲ್ಲ. ರಾಷ್ಟ್ರಪತಿ ಆಳ್ವಿಕೆ ನೋಡಿದವರು ನಾವು, ಇದು ನಮಗೆ ಬೇಗ ಅರ್ಥವಾಗುತ್ತದೆ. ಅದಕ್ಕೇ ಇರಬೇಕು, 2022ರಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳ ಮೇಲಿನ ತನಿಖಾ ವರದಿ ಮತ್ತೆ ಲಂಡನ್ ಆಡಳಿತವನ್ನು ಶಿಫಾರಸು ಮಾಡಿದಾಗ ಸರ್ಕಾರ ಅದನ್ನು ಜಾರಿಮಾಡದೆ, ಸುಧಾರಣೆಗೆ ಅವಕಾಶ ಕೊಟ್ಟಿತು. ಆ ವರದಿ ಹೊರಬರುವ ಹಿಂದಿನ ದಿನವೇ ಅಲ್ಲಿನ ಪ್ರೀಮಿಯರ್ ಆಂಡ್ರ್ಯೂ ಫಾಹಿ ಮಾದಕ ವಸ್ತು ಪ್ರಕರಣದಲ್ಲಿ ಮಯಾಮಿಯಲ್ಲಿ ಸಿಕ್ಕಿಬಿದ್ದಿದ್ದರು!

ಸಮಿತಿಗಳು ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೆಲಸ ಮಾಡಿದರೂ ಒಂದು ಮುಜುಗರ ಉಳಿದೇ ಉಳಿಯುತ್ತದೆ. 2019ರ ಫೆಬ್ರವರಿಯಲ್ಲಿ ಟಾಮ್ ಟುಗೆಂಡಾಟ್ ಅಧ್ಯಕ್ಷರಾಗಿದ್ದ ವಿದೇಶಾಂಗ ಸಮಿತಿ ಇನ್ನೊಂದು ದೊಡ್ಡ ವರದಿ ಕೊಟ್ಟಿತು. ಅದರಲ್ಲಿ ಒಂದು ಸಲಹೆ ಹೀಗಿತ್ತು: ನಿಮ್ಮ ದ್ವೀಪಗಳಲ್ಲಿ ಬಂದು ನೆಲೆಸಿರುವ ಬ್ರಿಟಿಷರಿಗೂ ವೋಟು ಹಾಕುವ, ಚುನಾವಣೆಗೆ ನಿಲ್ಲುವ ದಾರಿ ಮಾಡಿಕೊಡಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೇಳಿದ್ದು ಯಾರಿಗೆ? ಲಂಡನ್ನಿನಲ್ಲಿ ಒಂದು ವೋಟೂ ಇಲ್ಲದವರಿಗೆ. ಚಿಕ್ಕ ಊರುಗಳು ಇವು. ಹೊರಗಿನಿಂದ ಸಾವಿರ ಜನ ಬಂದು ನೆಲೆಸಿದರೆ ಫಲಿತಾಂಶವೇ ಬದಲಾಗಬಹುದು. ಅಲ್ಲಿಂದ ಸಿಟ್ಟಿನ ಉತ್ತರಗಳು ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಅದಕ್ಕೂ ಒಂದು ವರ್ಷ ಮೊದಲು, 2018ರಲ್ಲಿ, ಕಂಪನಿಗಳ ನಿಜವಾದ ಮಾಲೀಕರು ಯಾರೆಂಬ ಪಟ್ಟಿಯನ್ನು ಸಾಗರೋತ್ತರ ಪ್ರದೇಶಗಳು ಬಹಿರಂಗ ಮಾಡಲೇಬೇಕು ಎಂದು ಸಂಸದರಾದ ಮಾರ್ಗರೆಟ್ ಹಾಜ್ ಮತ್ತು ಆಂಡ್ರ್ಯೂ ಮಿಚೆಲ್ ಸೇರಿ ಕಾನೂನಿನಲ್ಲಿ ಸೇರಿಸಿದರು. ಕಪ್ಪುಹಣದ ದೃಷ್ಟಿಯಿಂದ ನಾನು ಇದರ ಪರ. ಆದರೆ ಬ್ರಿಟನ್ನಿನ ಪಕ್ಕದಲ್ಲೇ ಇರುವ ಜೆರ್ಸಿ, ಗರ್ನ್ಸಿ ದ್ವೀಪಗಳನ್ನು ಬಿಟ್ಟು ದೂರದವರಿಗೆ ಮಾತ್ರ ಈ ಕಟ್ಟಳೆ ಹಾಕಿದಾಗ ಕೆರಿಬಿಯನ್ ಜನ ಬೀದಿಗೆ ಇಳಿದರು.

ಇಲ್ಲಿಯವರೆಗೆ ಪಾರ್ಲಿಮೆಂಟು ಕೇಳಿದ ಕಥೆಗಳು. ಈಗ ಪಾರ್ಲಿಮೆಂಟಿಗೆ ಹೇಳದೇ ಬಿಟ್ಟ ಕಥೆ.

ಚಾಗೋಸ್ ದ್ವೀಪಗಳು ನಮ್ಮ ಹಿಂದೂ ಮಹಾಸಾಗರದಲ್ಲೇ, ಮಾಲ್ಡೀವ್ಸ್‌ನ ದಕ್ಷಿಣಕ್ಕೆ ಇವೆ. 1965ರಲ್ಲಿ ಇವನ್ನು ಮಾರಿಷಸ್‌ನಿಂದ ಕತ್ತರಿಸಿ, 30 ಲಕ್ಷ ಪೌಂಡ್ ಕೊಟ್ಟು, ಹೊಸ ಪ್ರದೇಶ ಅಂತ ಮಾಡಿದರು. ಡಿಯಾಗೋ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆ ಬೇಕಿತ್ತು. ಅಲ್ಲಿ ಜನ ಇದ್ದರು. ಆಫ್ರಿಕಾದಿಂದ ತಂದ ಗುಲಾಮರ, ದಕ್ಷಿಣ ಭಾರತದಿಂದ ಬಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳು, ತೆಂಗಿನ ತೋಟದಲ್ಲಿ ದುಡಿದು ಬದುಕುತ್ತಿದ್ದವರು. 1973ರ ಹೊತ್ತಿಗೆ ಸುಮಾರು ಒಂದೂವರೆ ಸಾವಿರ ಜನರನ್ನು ಪೂರ್ತಿ ಖಾಲಿ ಮಾಡಿಸಿ ಮಾರಿಷಸ್, ಸೇಶೆಲ್ಸ್‌ನಲ್ಲಿ ಇಳಿಸಿದರು. ಅವರ ನಾಯಿಗಳನ್ನು ಹೊಗೆಯಿಟ್ಟು ಕೊಂದರು.

ಇದೆಲ್ಲಕ್ಕೂ ಕಾಮನ್ಸ್ ಸಭೆಯಲ್ಲಿ ಕಾಯ್ದೆ ಪಾಸಾಗಲಿಲ್ಲ. ರಾಜಾಜ್ಞೆ ಸಾಕಾಯಿತು. ಅಂದರೆ ರಾಣಿಯ ಹೆಸರಿನಲ್ಲಿ ಮಂತ್ರಿಗಳು ಹೊರಡಿಸುವ ಆದೇಶ. ಅದಕ್ಕೆ ಚರ್ಚೆ ಬೇಕಿಲ್ಲ, ಮತದಾನ ಬೇಕಿಲ್ಲ. ಅಲ್ಲಿರುವವರು ಕಾಯಂ ನಿವಾಸಿಗಳೇ ಅಲ್ಲ, ಬಂದು ಹೋಗುವ ಕೂಲಿಗಳು ಎಂದು ಹೊರಗೆ ಹೇಳಿಕೊಂಡು ಬಂದರು. ದ್ವೀಪ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಅಮೆರಿಕ, ಬ್ರಿಟನ್ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಯ ಲೆಕ್ಕದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಕೊಟ್ಟಿತ್ತು. ಆ ವಿಷಯವನ್ನು ಪಾರ್ಲಿಮೆಂಟಿನಿಂದ ಮುಚ್ಚಿಟ್ಟರು. ಲೆಕ್ಕಪತ್ರ ಸಮಿತಿ ಎಷ್ಟೇ ಚುರುಕಾಗಿದ್ದರೂ, ಪುಸ್ತಕದಲ್ಲೇ ಇಲ್ಲದ ಲೆಕ್ಕವನ್ನು ಹೇಗೆ ಕೇಳುತ್ತದೆ?

ಹಳೇ ಕಾಲದ ತಪ್ಪು, ಬಿಡಿ ಅನ್ನಬಹುದು. ಅಷ್ಟು ಹಳೆಯದಲ್ಲ. 2000ದಲ್ಲಿ ಹೈಕೋರ್ಟ್ ಜನರನ್ನು ಹೊರಹಾಕಿದ್ದು ಕಾನೂನುಬಾಹಿರ ಎಂದಿತು, ಸರ್ಕಾರವೂ ಒಪ್ಪಿಕೊಂಡಿತು. 2004ರ ಜೂನ್‌ನಲ್ಲಿ ಅದೇ ಸರ್ಕಾರ ಮತ್ತೆ ರಾಜಾಜ್ಞೆ ಹೊರಡಿಸಿ ವಾಪಸು ಹೋಗುವ ದಾರಿ ಮುಚ್ಚಿತು, ಇದೂ ಚರ್ಚೆ ಇಲ್ಲದೆ. 2008ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 3-2ರಿಂದ ಸರ್ಕಾರದ ಪರ ನಿಂತರು. 2010ರ ಏಪ್ರಿಲ್ 1ರಂದು ದ್ವೀಪಗಳ ಸುತ್ತ ಮೀನುಗಾರಿಕೆ ನಿಷೇಧಿಸುವ ರಕ್ಷಿತ ಸಾಗರ ವಲಯ ಘೋಷಿಸಿದ್ದು ಪಾರ್ಲಿಮೆಂಟು ಈಸ್ಟರ್ ರಜೆಯಲ್ಲಿದ್ದಾಗ. ಹವಳ ಉಳಿಯಲಿ, ಒಳ್ಳೆಯದೇ. ಆದರೆ ದಿನ ಆರಿಸಿದ ರೀತಿ ನೋಡಿದರೆ ಸುಮ್ನೆ ಆಯಿತು ಅಂತ ನನಗನಿಸುವುದಿಲ್ಲ.

ಇನ್ನೂ ಒಂದು ಉದಾಹರಣೆ ಇದೆ, ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಅಮೆರಿಕ ಗುಟ್ಟಾಗಿ ಹಿಡಿದವರನ್ನು ಸಾಗಿಸುವ ವಿಮಾನಗಳು ಡಿಯಾಗೋ ಗಾರ್ಸಿಯಾದಲ್ಲಿ ಇಳಿದಿವೆಯೇ ಎಂದು ಸಂಸದರು ವರ್ಷಗಟ್ಟಲೆ ಕೇಳಿದರು. ಇಲ್ಲ, ಇಲ್ಲ ಎಂದೇ ಮಂತ್ರಿಗಳು ಉತ್ತರ ಕೊಟ್ಟರು. 2008ರ ಫೆಬ್ರವರಿಯಲ್ಲಿ ವಿದೇಶಾಂಗ ಮಂತ್ರಿ ಡೇವಿಡ್ ಮಿಲಿಬ್ಯಾಂಡ್ ಕಾಮನ್ಸ್‌ನಲ್ಲಿ ನಿಂತು, 2002ರಲ್ಲಿ ಎರಡು ವಿಮಾನ ಇಳಿದಿದ್ದವು ಎಂದು ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು. ಅಮೆರಿಕ ಕೊಟ್ಟ ಮಾಹಿತಿ ತಪ್ಪಾಗಿತ್ತಂತೆ. ತನ್ನ ನೆಲದಲ್ಲಿ ಏನಾಗುತ್ತಿದೆ ಎಂದು ಬೇರೆಯವರನ್ನು ಕೇಳಿ ತಿಳಿದುಕೊಳ್ಳುವ ಸರ್ಕಾರ, ಆ ಸರ್ಕಾರವನ್ನು ಕೇಳಿ ತಿಳಿದುಕೊಳ್ಳುವ ಪಾರ್ಲಿಮೆಂಟು. ಅಲ್ಲಿ ಜನರೇ ಇಲ್ಲವಲ್ಲ, ಯಾರು ಪತ್ರ ಬರೆಯಬೇಕು? ಟರ್ಕ್ಸ್ ಮತ್ತು ಕೈಕೋಸ್‌ನ ಕಥೆ ಇಲ್ಲಿ ಆಗಲಿಲ್ಲ, ಬರೆಯುವವರನ್ನು ಮೊದಲೇ ಸಾಗಹಾಕಿದ್ದರು.

2021ರ ಅಕ್ಟೋಬರ್‌ನಲ್ಲಿ ಭಾರತದಿಂದ ಕೆನಡಾಕ್ಕೆ ಎಂದು ದೋಣಿಯಲ್ಲಿ ಹೊರಟ ಶ್ರೀಲಂಕಾ ತಮಿಳರು ದೋಣಿ ಕೆಟ್ಟು ಈ ದ್ವೀಪ ಸೇರಿದರು. ಹತ್ತಾರು ಜನ, ಮಕ್ಕಳೂ ಸೇರಿ, ಮೂರು ವರ್ಷ ಇಲಿಗಳ ಕಾಟದ ಡೇರೆಗಳಲ್ಲಿ ಕಳೆದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಬಹುತೇಕರನ್ನು ಬ್ರಿಟನ್ನಿಗೆ ಕರೆದುಕೊಂಡು ಹೋದರು, ಅವರನ್ನು ಅಲ್ಲಿ ಕೂಡಿಟ್ಟದ್ದು ಅಕ್ರಮ ಎಂದು ಅದೇ ಪ್ರದೇಶದ ನ್ಯಾಯಾಲಯ ಹೇಳಿತು. ಬಾಗಿಲು ತೆರೆಸಿದ್ದರಲ್ಲಿ ವಕೀಲರ, ಪತ್ರಕರ್ತರ ಪಾಲೇ ದೊಡ್ಡದು.

ಈಗ ಚಾಗೋಸ್ ಮತ್ತೆ ಸುದ್ದಿಯಲ್ಲಿದೆ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಆದಷ್ಟು ಬೇಗ ಅಲ್ಲಿಂದ ಹೊರಡಬೇಕು ಎಂದು ಸಲಹೆ ಕೊಟ್ಟಿತ್ತು. 2025ರ ಮೇ 22ರಂದು ಒಪ್ಪಂದಕ್ಕೆ ಸಹಿ ಬಿತ್ತು: ದ್ವೀಪಗಳು ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾ 99 ವರ್ಷ ಬ್ರಿಟನ್ನಿಗೆ ಗುತ್ತಿಗೆ, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. ಈ ಸಲ ಪಾರ್ಲಿಮೆಂಟು ಸುಮ್ಮನೆ ಕೂರಲಿಲ್ಲ. ಒಟ್ಟು ಖರ್ಚು 340 ಕೋಟಿ ಪೌಂಡ್ ಎಂದು ಸರ್ಕಾರ, ಅದರ ಹತ್ತು ಪಟ್ಟು ಎಂದು ವಿರೋಧ ಪಕ್ಷ. ಮುಂದಿನ ನೂರು ವರ್ಷದ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಿ ಎಣಿಸಬೇಕೋ, ಸುಮ್ಮನೆ ಕೂಡಿಸಬೇಕೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಚೀನಾ, ಸೇನಾ ನೆಲೆ, ಪೌಂಡ್ ಇವುಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ. ಆದರೆ ಮಾತುಕತೆ ನಡೆದದ್ದು ಎರಡು ಸರ್ಕಾರಗಳ ನಡುವೆ, ಚಾಗೋಸ್ ಜನರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಸಹಿಯ ದಿನ ಬೆಳಗಿನ ಜಾವ ಡಿಯಾಗೋ ಗಾರ್ಸಿಯಾದಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಕೋರ್ಟಿನಿಂದ ಕೆಲವು ಗಂಟೆಗಳ ತಡೆ ತಂದರು. ಮಧ್ಯಾಹ್ನದೊಳಗೆ ತಡೆ ತೆರವಾಯಿತು, ಸಹಿ ಆಯಿತು.

ಹಾಗಾದರೆ ಒಬ್ಬ ಸಂಸದ ಇದ್ದುಬಿಟ್ಟರೆ ಎಲ್ಲ ಸರಿಹೋಗುತ್ತದಾ? ಫ್ರಾನ್ಸ್ ತನ್ನ ಸಾಗರೋತ್ತರ ಪ್ರದೇಶಗಳಿಗೆ ರಾಷ್ಟ್ರೀಯ ಸಭೆಯಲ್ಲಿ 27 ಸೀಟು ಕೊಟ್ಟಿದೆ. ಆರು ಸಾವಿರದಷ್ಟು ಜನರಿರುವ ಸೇಂಟ್ ಪಿಯೆರ್ ಮತ್ತು ಮಿಕೆಲಾನ್‌ಗೂ ಒಬ್ಬ ಪ್ರತಿನಿಧಿ ಇದ್ದಾರೆ. ಆದರೂ 2024ರ ಮೇನಲ್ಲಿ ನ್ಯೂ ಕ್ಯಾಲೆಡೋನಿಯಾದ ಮತದಾರರ ಪಟ್ಟಿಯ ನಿಯಮ ಬದಲಿಸಲು ಪ್ಯಾರಿಸ್ ಹೊರಟಾಗ ಅಲ್ಲಿ ಬೆಂಕಿ ಹೊತ್ತಿತು. ನಮ್ಮದೇ ನೋಡಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆಳುತ್ತಿದ್ದವರು ಮಂಗಳೂರಿನಲ್ಲಿ ಕೂತ ಕಲೆಕ್ಟರ್, ದ್ವೀಪದವರು ತೆಂಗಿನ ನಾರು ತಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಈಗ ಲಕ್ಷದ್ವೀಪಕ್ಕೆ ಲೋಕಸಭೆಯಲ್ಲಿ ಒಬ್ಬ ಸಂಸದರಿದ್ದಾರೆ, ವಿಧಾನಸಭೆ ಇಲ್ಲ. 240ನೇ ವಿಧಿಯಡಿ ರಾಷ್ಟ್ರಪತಿಗಳ ಹೆಸರಿನಲ್ಲಿ ದೆಹಲಿ ನಿಯಮ ಮಾಡಬಹುದು. 2021ರಲ್ಲಿ ಅಂಥ ಕರಡು ನಿಯಮಗಳ ವಿರುದ್ಧ ದ್ವೀಪದ ಜನ ತಿರುಗಿಬಿದ್ದದ್ದು ನೆನಪಿರಬಹುದು. ಒಬ್ಬ ಸಂಸದ ಇದ್ದರೆ ಪ್ರಶ್ನೆ ಮೊದಲೇ ಏಳುತ್ತದೆ. ಉತ್ತರ ಸಿಗುತ್ತದೆಂಬ ಖಾತ್ರಿ ಇಲ್ಲ.

ಬ್ರಿಟನ್ನಿಗೆ ಇದು ಅಭ್ಯಾಸವೇ ಇಲ್ಲದ ಸಂಗತಿಯೂ ಅಲ್ಲ. ಯುರೋಪಿಯನ್ ಪಾರ್ಲಿಮೆಂಟಿಗೆ 2004ರಿಂದ ಜಿಬ್ರಾಲ್ಟರ್ ಜನ ನೈರುತ್ಯ ಇಂಗ್ಲೆಂಡಿನ ಕ್ಷೇತ್ರದ ಜೊತೆ ಸೇರಿ ವೋಟು ಹಾಕುತ್ತಿದ್ದರು, 2016ರ ಬ್ರೆಕ್ಸಿಟ್ ಜನಮತದಲ್ಲೂ ಹಾಕಿದರು. ವೆಸ್ಟ್‌ಮಿನ್‌ಸ್ಟರ್‌ಗೆ, ಅಂದರೆ ಲಂಡನ್ನಿನ ಪಾರ್ಲಿಮೆಂಟಿಗೆ, ಮಾತ್ರ ಯಾಕಾಗುವುದಿಲ್ಲವೋ. ದ್ವೀಪಗಳಲ್ಲೇ ಹಲವರಿಗೆ ಇದು ಬೇಡ, ಸೀಟಿನ ಹಿಂದೆಯೇ ತೆರಿಗೆ ಬರುತ್ತದೆ ಎಂಬ ಭಯ. ಅದೂ ಸುಳ್ಳಲ್ಲ.

ಸೀಟು ಕೊಡುವುದಕ್ಕೆ ಕಾನೂನು ಬೇಕು. ಸಾಕ್ಷಿ ಕೇಳುವುದಕ್ಕೆ ಬೇಕಿಲ್ಲ. 2016ರಲ್ಲಿ ಸೇಂಟ್ ಹೆಲೆನಾದ ಇಂಟರ್ನೆಟ್ ಉಪಗ್ರಹದ ಮೇಲೆ ತೆವಳುತ್ತಿತ್ತು. ಸಮಿತಿಯ ಎದುರು ಮುಖ್ಯವಾಗಿ ಉತ್ತರ ಕೊಟ್ಟವರು ಇಲಾಖೆಯ ಅಧಿಕಾರಿಗಳು. ಈಗ ಸಮುದ್ರದ ತಳದ ಕೇಬಲ್ ದ್ವೀಪಕ್ಕೆ ಬಂದಿದೆ, 2023ರಿಂದ ಓಡುತ್ತಿದೆ. ದ್ವೀಪದ ರಾಜಧಾನಿ ಜೇಮ್ಸ್‌ಟೌನಿನಲ್ಲಿ ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿಸಿದವನು ತನ್ನ ಅಂಗಡಿಯಲ್ಲೇ ಕೂತು ಸಂಸದರ ಮುಂದೆ ಮಾತಾಡಬಹುದು, ಯಾರಾದರೂ ಕರೆದರೆ.